ಸಹಾಯ ಬೇಕು: ಎಲೆಕ್ಟ್ರೊಲೈಸರ್ ಬಿಡ್ ದರ ಹಾಗೂ ಪದೇ ಪದೇ ಟ್ರಿಪ್

ನಮ್ಮದು 12 ಸೋಲಾರ್ ಮನೆಗಳ ನಡುವೆ 15 ನಿಮಿಷದ ಬ್ಲಾಕ್‌ಗಳಲ್ಲಿ ದರ ಕೂಗಿ (ಬಿಡ್) ಕರೆಂಟ್ ಕೊಡು-ಕೊಳ್ಳುವ ವ್ಯವಸ್ಥೆ. ಎಲ್ಲರಿಗೂ ಸೇರಿ 20 ಯೂನಿಟ್ ಬ್ಯಾಟರಿ, 5 ಕಿಲೋವ್ಯಾಟ್ ಪಿಇಎಂ ಎಲೆಕ್ಟ್ರೊಲೈಸರ್ (ನಡುವೆ ಮೆಂಬ್ರೇನ್ ಅಂದ್ರೆ ತೆಳು ಪೊರೆ ಇಟ್ಟು, ಕರೆಂಟಿನಿಂದ ನೀರನ್ನು ಹೈಡ್ರೋಜನ್, ಆಮ್ಲಜನಕವಾಗಿ ಒಡೆಯುವ ಯಂತ್ರ), 30 ಬಾರ್ ಒತ್ತಡದ ಹೈಡ್ರೋಜನ್ ಟ್ಯಾಂಕ್, 2 ಕಿಲೋವ್ಯಾಟ್ ಫ್ಯೂಯಲ್ ಸೆಲ್ (ಹೈಡ್ರೋಜನ್‌ನಿಂದ ಮತ್ತೆ ಕರೆಂಟ್ ಮಾಡುವ ಯಂತ್ರ).

ಒಂದು ಕೆಜಿ ಹೈಡ್ರೋಜನ್‌ಗೆ ಸುಮಾರು 55 ಯೂನಿಟ್ ಬೇಕು, ವಾಪಸ್ ಸಿಗೋದು 16ರ ಆಸುಪಾಸು. ಅಂದ್ರೆ ರಾತ್ರಿ ಮಾರುವ ದರದ ಶೇ 29ಕ್ಕಿಂತ ಹೆಚ್ಚು ಕೊಟ್ಟು ಹಗಲು ಕೊಂಡರೆ ನಷ್ಟವೇ. ಸ್ಟ್ಯಾಕ್ (ಎಲೆಕ್ಟ್ರೊಲೈಸರ್ ಒಳಗಿನ ಸೆಲ್‌ಗಳ ಜೋಡಣೆ) ಸವಕಳಿ ಬೇರೆ. ಇಷ್ಟು ಸರಿ.

ತೊಂದರೆ ಮೋಡದ್ದು. ಬಿಡ್ ಗೆದ್ದ ಬ್ಲಾಕ್‌ನ ನಡುವೆ ಹೆಚ್ಚುವರಿ ಕರೆಂಟ್ 600 ವ್ಯಾಟ್‌ಗೆ ಕುಸಿಯುತ್ತೆ. ಅಷ್ಟು ಕಡಿಮೆ ಲೋಡ್‌ನಲ್ಲಿ ಆಮ್ಲಜನಕ ತಯಾರಾಗೋದು ಕಮ್ಮಿ, ಆದ್ರೆ ಮೆಂಬ್ರೇನ್ ದಾಟಿ ಸೋರುವ ಹೈಡ್ರೋಜನ್ ಅಷ್ಟೇ ಇರುತ್ತೆ. ಆಮ್ಲಜನಕದ ಕಡೆ ಅದರ ಪಾಲು ಶೇ 4 ಸ್ಫೋಟದ ಮಿತಿ. ಶೇ 2ಕ್ಕೇ ಟ್ರಿಪ್ (ಯಂತ್ರ ತಾನಾಗೇ ನಿಲ್ಲೋದು) ಇಟ್ಟಿದ್ದೇವೆ. ಅದನ್ನು ಏರಿಸುವ ಸಲಹೆ ದಯವಿಟ್ಟು ಬೇಡ.

ಬ್ಯಾಟರಿಯಿಂದ 1 ಕಿಲೋವ್ಯಾಟ್‌ವರೆಗೆ ತುಂಬಿಸಿದರೆ ಟ್ರಿಪ್ ಆಗಲ್ಲ. ಆದ್ರೆ ಹೆಚ್ಚುಕಮ್ಮಿ ಪೂರ್ತಿ ವಾಪಸ್ ಸಿಗುವ ಯೂನಿಟ್ಟನ್ನು ಮೂರನೇ ಒಂದು ಭಾಗವೂ ಸಿಗದ ಕಡೆ ಸುರಿದಂತೆ!

ಇಂಥದ್ದನ್ನು ನಡೆಸುತ್ತಿರುವವರು ಹೇಳಿ: ಇದಕ್ಕೆ ಬ್ಯಾಟರಿಯಲ್ಲಿ ಎಷ್ಟು ಯೂನಿಟ್ ಕಾಯ್ದಿಡುತ್ತೀರಿ? ಆ ಖರ್ಚು ಬಿಡ್ ಗೆದ್ದು ಕಮ್ಮಿ ಕೊಟ್ಟ ಮನೆಯ ಲೆಕ್ಕಕ್ಕೋ, ಎಲ್ಲರಿಗೂ ಹಂಚಿಕೆಯೋ? ಟ್ಯಾಂಕ್ ಖಾಲಿಯಿರುವಾಗ ಒತ್ತಡ ತಗ್ಗಿಸಿ ಓಡಿಸಿ ಸೋರಿಕೆ ಇಳಿಸಿದವರಿದ್ದರೆ ಆ ಸೆಟ್ಟಿಂಗ್ ಕೂಡ ಬೇಕು.