ಆಮೆ ಹೊಕ್ಕ ಮನೆ

ಕೋಲಾರದ ಕ್ಲಾಕ್ ಟವರ್ ಹತ್ತಿರ ಬೈಟು ಟೀ ಹಿಡಿದು ನಿಂತಿದ್ದೆವು. ಸೀನ ಅಂದ, "ಒಂದು ಆಮೆ ಸಾಕ್ತೀನಿ ಕಣ್ರೋ. ಚಿಕ್ಕದು."

"ನಾಯಿ ಸಾಕು, ಕಳ್ಳ ಬಂದ್ರೆ ಬೊಗಳುತ್ತೆ," ಅಂದ ಮಂಜ.

"ನಾಯಿಗೆ ವಾಕಿಂಗ್ ಮಾಡಿಸಬೇಕು. ಆಮೆ ತಾನೇ ಮಾಡ್ಕೊಳ್ಳುತ್ತೆ."

ಸೀನ ಲೆಕ್ಕ ಹಾಕಿಯೇ ಬಂದಿದ್ದ. ನಮ್ಮ ಬಿಸಿಲು ತಡೆಯೋದು ಬೇಕು. ಹಾಗಾದ್ರೆ ನಕ್ಷತ್ರ ಆಮೆಯೇ ಸರಿ. ಬೆನ್ನ ಮೇಲೆ ಹಳದಿ ನಕ್ಷತ್ರ, ಊಟಕ್ಕೆ ಹುಲ್ಲು, ಸೊಪ್ಪು. "ನಮ್ಮ ಕಡೆ ಕುರುಚಲು ಕಾಡಿನದ್ದೇ. ಹೀಟರ್ ಬೇಡ, ಏನೂ ಬೇಡ!"

"ಲಾಯರ್ ಬೇಕು," ಅಂದ ಮಂಜ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನು ಹಿಡಿಯೋದು, ಮಾರೋದು, ಮನೇಲಿಟ್ಟುಕೊಳ್ಳೋದು ಎಲ್ಲಾ ಅಪರಾಧ. 2022ರ ತಿದ್ದುಪಡಿ ಆದ ಮೇಲೆ ಅದು ಹುಲಿ ಇರೋ ಪಟ್ಟಿಯಲ್ಲೇ ಇದೆ.

"ಹಾಗಾದ್ರೆ ರಷ್ಯನ್ ಆಮೆ?"

ಅದು ಮಧ್ಯ ಏಷ್ಯಾದ್ದು. ಚಳಿಗಾಲ ಬಂದ್ರೆ ಮಣ್ಣು ತೋಡಿ ಮಲಗುತ್ತೆ, ಬಿಸಿಲು ಜಾಸ್ತಿಯಾದ್ರೂ ಮಲಗುತ್ತೆ. "ಅಂಥವನು ಒಬ್ಬ ನಮ್ಮನೇಲಿ ಇದ್ದಾನೆ, ನನ್ನ ಭಾಮೈದ," ಅಂದ ಮಂಜ. ಜೊತೆಗೆ ಇಂಥ ವಿದೇಶಿ ಪ್ರಾಣಿಗೆ ಅರಣ್ಯ ಇಲಾಖೆಯಲ್ಲಿ ನೋಂದಣಿ ಬೇರೆ ಮಾಡಿಸಬೇಕು. ಆಮೆಗಿಂತ ನಿಧಾನ ಆ ಕಾಗದಗಳು.

ಆಗ ನಾನು ಬಾಯಿ ಬಿಟ್ಟೆ. ಬಿಡಬಾರದಿತ್ತು.

ಮೂರು ವರ್ಷದ ಹಿಂದೆ ಮಗಳಿಗೆ ಅಂತ ಮೀನಿನ ಅಂಗಡಿಯಿಂದ ನೀರಾಮೆ ಮರಿ ತಂದಿದ್ದೆ. ಕಣ್ಣಿನ ಪಕ್ಕ ಕೆಂಪು ಪಟ್ಟಿ, ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಅಂಗಡಿಯವನು ಒಂದು ಬಟ್ಟಲೂ ಪ್ಲಾಸ್ಟಿಕ್ ತೆಂಗಿನಮರವೂ ಕೊಟ್ಟು, "ಇಷ್ಟೇ ಇರುತ್ತೆ ಸಾರ್" ಅಂದ. ಈಗ ಅದು ಊಟದ ತಟ್ಟೆಯಷ್ಟಿದೆ. ತೆಂಗಿನಮರ ಅದರ ಬಾಯಲ್ಲಿ ಮುರಿದುಹೋಯಿತು. ಅಕ್ಕಿ ತೊಳೆಯುವ ದೊಡ್ಡ ಬೇಸಿನ್ ಅದರ ಪಾಲಾಯಿತು. ನೀರು ಎರಡು ದಿನ ಬದಲಾಯಿಸದಿದ್ದರೆ ಪಕ್ಕದ ಮನೆಯವರು ಬಂದು "ಚರಂಡಿ ಕಟ್ಟಿಕೊಂಡಿದೆಯಾ?" ಅಂತ ಕೇಳ್ತಾರೆ. ಕೋಲಾರಮ್ಮನ ಕೆರೆಗೆ ಬಿಡೋಣ ಅಂದ್ರೆ ಅದೂ ತಪ್ಪು. ಅಮೆರಿಕದ ತಳಿ, ಇಲ್ಲಿನ ಆಮೆಗಳ ಊಟ, ಜಾಗ ಎರಡನ್ನೂ ಕಿತ್ಕೊಳ್ಳುತ್ತೆ. ಚೆನ್ನಾಗಿ ನೋಡಿಕೊಂಡರೆ ಮೂವತ್ತು ವರ್ಷ ಬದುಕುತ್ತಂತೆ. ನನ್ನ ಮನೆ ಸಾಲವೇ ಇಪ್ಪತ್ತು ವರ್ಷದ್ದು.

"ನಮ್ಮಜ್ಜಿ ಹೇಳ್ತಿದ್ರು," ಅಂದ ಸೀನ ಸಪ್ಪಗೆ, "ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಉದ್ಧಾರ ಆಗಲ್ಲ ಅಂತ. ಅಮೀನ ಅಂದ್ರೆ ಜಪ್ತಿಗೆ ಬರೋ ಕೋರ್ಟಿನವನು."

"ನೀನು ನಕ್ಷತ್ರ ಆಮೆ ತಂದ್ರೆ ಇಬ್ಬರೂ ಒಂದೇ ದಿನ ಬರ್ತಾರೆ," ಅಂದ ಮಂಜ.

ನಾನು ಸೀನನ ಹೆಗಲ ಮೇಲೆ ಕೈ ಹಾಕಿದೆ. "ನಮ್ಮನೇದೇ ತಗೊಂಡು ಹೋಗು. ಬೇಸಿನ್ ಫ್ರೀ."

ಅರ್ಧ ಟೀ ಹಾಗೇ ಬಿಟ್ಟು ಗಾಡಿಗೆ ಕಿಕ್ ಹೊಡೆದ. ಸೀನ ಅಷ್ಟು ಬೇಗ ಹೊರಟಿದ್ದನ್ನು ನಾವ್ಯಾರೂ ನೋಡಿರಲಿಲ್ಲ.