ಎಎಂಟಿ ಕಾರಲ್ಲಿ ಪಿ (ಪಾರ್ಕಿಂಗ್) ಇಲ್ಲ, ಇಎಸ್‌ಪಿ ಆಫ್ ಬಟನ್ ಇದೆ. ಅಪ್ಪನಿಗೆ ಹೇಗೆ ಹೇಳಿಕೊಡೋದು?

ತೀರ್ಥಹಳ್ಳಿ ಹುಡುಗಿ:
ಅಪ್ಪನಿಗೆ ಅಂತ ಸೆಕೆಂಡ್ ಹ್ಯಾಂಡ್ ಎಎಂಟಿ ಕಾರು (ಕ್ಲಚ್ ಪೆಡಲ್ ಇಲ್ಲದ ಆಟೋಮ್ಯಾಟಿಕ್) ತಗೊಂಡ್ವಿ. ಇಷ್ಟು ವರ್ಷ ಅವರು ಓಡಿಸಿದ್ದು ಓಮ್ನಿ. ಇದರ ಗೇರ್ ಲಿವರ್ ಪಕ್ಕ ಆರ್ (ರಿವರ್ಸ್), ಎನ್ (ನ್ಯೂಟ್ರಲ್), ಡಿ (ಡ್ರೈವ್), ಎಂ (ಗೇರ್ ನಾವೇ ಬದಲಿಸೋದು) ಅಷ್ಟೇ ಇದೆ. 'ಇಎಸ್‌ಪಿ ಆಫ್' ಅಂತ ಬಟನ್ ಇದೆ. ಗ್ಲೋವ್ ಬಾಕ್ಸ್ ಮೇಲೆ 'ಎಸ್‌ಆರ್‌ಎಸ್ ಏರ್‌ಬ್ಯಾಗ್' ಅಂತ ಕೊರೆದಿದ್ದಾರೆ. ಕೀ ತಿರುಗಿಸಿದ್ರೆ ಎಬಿಎಸ್ ದೀಪ ಹತ್ತಿ ಆರುತ್ತೆ. ಮಾರಿದವರು ಮ್ಯಾನ್ಯುಯಲ್ ಕೊಡಲಿಲ್ಲ. ಅಪ್ಪ ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗ್ತಾರೆ, ಅದಕ್ಕೇ ಚಿಂತೆ.

ಕಾಫಿತೋಟ:
ಪಿ ಇಲ್ದಿದ್ರೆ ಏನಂತೆ, ಎನ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆದ್ರೆ ಆಯ್ತು.

ಶಿವಮೊಗ್ಗ ಗ್ಯಾರೇಜ್:
ಸರ್, ಮಲೆನಾಡಿನ ಇಳಿಜಾರಲ್ಲಿ ಅಷ್ಟು ಸಾಲದು. ಎಎಂಟಿ ಒಳಗಿರೋದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತೋ ಕೆಲಸ, ಗೇರ್ ಬದಲಿಸೋ ಕೆಲಸ ಮಾತ್ರ ಯಂತ್ರದ್ದು. ಹಾಗಾಗಿ ಗೇರಲ್ಲೇ ನಿಲ್ಲಿಸಬೇಕು. ಬ್ರೇಕ್ ಒತ್ತಿ ಹಿಡಿದು ಹ್ಯಾಂಡ್‌ಬ್ರೇಕ್ ಎಳೆಯಿರಿ, ಮೂತಿ ಏರಿನ ಕಡೆ ಇದ್ರೆ ಡಿ, ಇಳಿಜಾರಿನ ಕಡೆ ಇದ್ರೆ ಆರ್, ಆಮೇಲೆ ಇಂಜಿನ್ ಆಫ್. ಮತ್ತೆ ಸ್ಟಾರ್ಟ್ ಮಾಡುವಾಗ ಬ್ರೇಕ್ ಮೇಲೆ ಕಾಲಿಟ್ಟು ಎನ್‌ಗೆ ತರಬೇಕು.

ತಂಗಿ, ಘಾಟಿ ಇಳಿಯುವಾಗ ಅಪ್ಪ ಎಂಗೆ ಹಾಕಿಕೊಂಡು ಎರಡನೇ ಗೇರಲ್ಲೇ ಇರಲಿ. ಇಂಜಿನ್ನೇ ಗಾಡಿಯನ್ನ ಹಿಡಿಯುತ್ತೆ, ಬ್ರೇಕ್ ಕಾಯೋದಿಲ್ಲ.

ಎಬಿಎಸ್ ಅಂದ್ರೆ ಆಂಟಿ-ಲಾಕ್ ಬ್ರೇಕಿಂಗ್ ಸಿಸ್ಟಮ್. ಮಳೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ಒತ್ತಡ ಬಿಟ್ಟು ಬಿಟ್ಟು ಕೊಡುತ್ತೆ. ಆಗ ಪೆಡಲ್ ಕಾಲಡಿ ಗಡಗಡ ಅನ್ನುತ್ತೆ. ಓಮ್ನಿ ಓಡಿಸಿದವರು ಇಲ್ಲೇ ಗಾಬರಿಯಾಗಿ ಕಾಲು ತೆಗೀತಾರೆ. ತೆಗೀಬಾರದು! ಒತ್ತಿ ಹಿಡಿದು ಸ್ಟೇರಿಂಗ್ ತಿರುಗಿಸಿ ತಪ್ಪಿಸಿಕೊಳ್ಳಬೇಕು, ಅದು ಇರೋದೇ ಅದಕ್ಕೆ. ಖಾಲಿ ರಸ್ತೆ ನೋಡಿ ಒಮ್ಮೆ ಅಪ್ಪನ ಕೈಲೇ ಮಾಡಿಸಿ. ಸಡಿಲ ಜಲ್ಲಿ ಮೇಲೆ ಮಾತ್ರ ಗಾಡಿ ನಿಲ್ಲೋಕೆ ಇನ್ನೂ ದೂರ ಬೇಕಾಗಬಹುದು.

ಇಎಸ್‌ಪಿ ಅಂದ್ರೆ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಪ್ರೋಗ್ರಾಂ. ತಿರುವಿನಲ್ಲಿ ಗಾಡಿ ಅಡ್ಡ ಜಾರಿದ್ರೆ ಬೇಕಾದ ಚಕ್ರಕ್ಕಷ್ಟೇ ಬ್ರೇಕ್ ಹಾಕಿ ಸರಿದಾರಿಗೆ ತರುತ್ತೆ. ಆ ಬಟನ್ ಮುಟ್ಟಬೇಡಿ. ಕೆಸರಲ್ಲಿ ಹೂತಾಗ ಮಾತ್ರ ಆಫ್ ಮಾಡಿ, ಮೇಲೆ ಬಂದ ಕೂಡಲೇ ಆನ್ ಮಾಡಿ.

ಎಸ್‌ಆರ್‌ಎಸ್ ಏರ್‌ಬ್ಯಾಗ್ ಸೀಟ್ ಬೆಲ್ಟ್‌ಗೆ ಜೊತೆಗಾರ ಅಷ್ಟೇ, ಬೆಲ್ಟ್ ಹಾಕಲೇಬೇಕು.

ತೀರ್ಥಹಳ್ಳಿ ಹುಡುಗಿ:
ತುಂಬಾ ಥ್ಯಾಂಕ್ಸ್ ಅಣ್ಣ. ಎಬಿಎಸ್ ದೀಪ ಆರದೇ ಉಳಿದ್ರೆ?

ಶಿವಮೊಗ್ಗ ಗ್ಯಾರೇಜ್:
ಅದೊಂದೇ ಉಳಿದ್ರೆ ಮಾಮೂಲಿ ಬ್ರೇಕ್ ಇರುತ್ತೆ, ನಿಧಾನಕ್ಕೆ ಗ್ಯಾರೇಜಿಗೆ ತನ್ನಿ. ಅದರ ಜೊತೆ ಕೆಂಪು ಬ್ರೇಕ್ ದೀಪವೂ ಉರಿದು, ಹ್ಯಾಂಡ್‌ಬ್ರೇಕ್ ಇಳಿಸಿದ್ರೂ ಹೋಗದಿದ್ರೆ ಇಬಿಡಿ ಕೈಕೊಟ್ಟಿರಬಹುದು, ಅಂದ್ರೆ ಮುಂದಿನ ಹಿಂದಿನ ಚಕ್ರಕ್ಕೆ ಬ್ರೇಕ್ ಹಂಚೋ ಭಾಗ. ಬ್ರೇಕ್ ಆಯಿಲ್ ಕೂಡ ಇಳಿದಿರಬಹುದು. ಆಗ ಗಾಡಿ ಬದಿಗೆ ಹಾಕಿ ಮೆಕ್ಯಾನಿಕ್‌ನ ಅಲ್ಲಿಗೇ ಕರೆಸಿ. ಘಾಟಿಗಂತೂ ಇಳಿಸಲೇಬೇಡಿ.