ಅಪ್‌ಡೇಟ್: ಹಳೆಯ ಕಾರಿನ ಸ್ಪೀಕರ್ ಕೊನೆಗೂ ಸರಿಹೋಯಿತು

ನನ್ನ 2006ರ ಸಣ್ಣ ಕಾರಿಗೆ ಯಾವ ಸ್ಪೀಕರ್ ಹಾಕಿಸಲಿ ಎಂದು ಕಳೆದ ವಾರ ಕೇಳಿದ್ದೆ. ಬಳ್ಳಾರಿಯ ಬಿಸಿಲಿಗೆ ಹಳೆಯದರ ಅಂಚಿನ ಫೋಮ್ ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು.

ಹೆಚ್ಚು ವ್ಯಾಟ್‌ನ ದೊಡ್ಡ ಸ್ಪೀಕರ್ ಕೊಳ್ಳುವ ಸಲಹೆ ಫಲಿಸಲಿಲ್ಲ; ಅದರ ಹಿಂಬದಿಯ ಅಯಸ್ಕಾಂತ, ಬಾಗಿಲಿನೊಳಗೆ ಇಳಿಯುವ ಕಿಟಕಿಯ ಗಾಜಿಗೆ ತಾಗಿತು. ‘ಗಾಜು ಇಳಿಸಿ ಆಳ ಅಳೆಯಿರಿ, ವ್ಯಾಟ್‌ಗಿಂತ ಸೆನ್ಸಿಟಿವಿಟಿ (ಕೊಟ್ಟ ಶಕ್ತಿಗೆ ಎಷ್ಟು ಸದ್ದು ಬರುತ್ತದೆ ಎಂಬುದು) ನೋಡಿ’ ಎಂದವರಿಗೆ ಮನಸಾರೆ ಧನ್ಯವಾದ. ಆಳ ಕಡಿಮೆಯಿರುವ, 92 ಡೆಸಿಬೆಲ್ ಸೆನ್ಸಿಟಿವಿಟಿಯ ಕೋಆಕ್ಸಿಯಲ್ (ದಪ್ಪ ದನಿಯ, ತೆಳು ದನಿಯ ಸ್ಪೀಕರ್‌ಗಳು ಒಂದರಲ್ಲೇ ಇರುವ) ಜೋಡಿ ಹಳೆಯ ಸ್ಟೀರಿಯೊದಲ್ಲೇ ತುಂಬಿ ನುಡಿಯುತ್ತಿದೆ. ಸೆನ್ಸಿಟಿವಿಟಿ 3 ಡೆಸಿಬೆಲ್ ಹೆಚ್ಚಿದ್ದರೆ ಅರ್ಧ ಶಕ್ತಿಯಲ್ಲೇ ಅಷ್ಟು ಸದ್ದು ಬರುತ್ತದೆ.

ಅಚ್ಚರಿಯೆಂದರೆ, ಮೊದಲ ದಿನ ತಬಲಾದ ಡಗ್ಗದ ದನಿಯೇ ಕೇಳಲಿಲ್ಲ. ತಂತಿಗಳ ತುದಿಗೆ 1.5 ವೋಲ್ಟ್ ಬ್ಯಾಟರಿ ತಾಗಿಸಿ ನೋಡಿದೆ: ಎಡಗಡೆಯ ಕೋನ್ (ಸ್ಪೀಕರ್‌ನ ಅಲುಗುವ ಬಟ್ಟಲು) ಹೊರಗೆ ಚಿಮ್ಮಿತು, ಬಲಗಡೆಯದು ಒಳಕ್ಕೆ ಸರಿಯಿತು! ಹೀಗೆ ಎರಡೂ ಎದುರು ದಿಕ್ಕಿಗೆ ಅಲುಗಿ, ಒಂದರ ದಪ್ಪ ದನಿಯನ್ನು ಇನ್ನೊಂದು ಅಳಿಸುತ್ತಿತ್ತು. ಬಲಗಡೆಯ ಧನ, ಋಣ ತಂತಿಗಳನ್ನು ಅದಲುಬದಲು ಮಾಡಿದೆ. ನಿನ್ನೆ ಸಿರುಗುಪ್ಪದವರೆಗೂ ಡಗ್ಗ ಗುಮ್ಮೆಂದಿತು.